ಸ್ವರಕ್ಕೆ ಕಟ್ಟಿದ ಬೆಲೆ

ಗಾಯಕನ ಮುಂದೆ ಹಣದ ಮಾತೆತ್ತುವುದು ಅಸಭ್ಯತೆಯೆಂದು ನಮ್ಮ ರಸಿಕರು ಬಹುಕಾಲದಿಂದ ನಂಬಿಕೊಂಡು ಬಂದಿದ್ದಾರೆ. ಕಛೇರಿ ಮುಗಿದ ಮೇಲೆ ಫಲತಾಂಬೂಲದ ತಟ್ಟೆಯಲ್ಲಿ, ವೀಳ್ಯದೆಲೆಯ ಮರೆಯಲ್ಲಿ ಲಕೋಟೆಯೊಂದು ನಾಚುತ್ತ ಕುಳಿತಿರುತ್ತದೆ. ಅದನ್ನು ಅಲ್ಲಿಯೇ ಬಿಚ್ಚಿ ಎಣಿಸಿ ನೋಡಿದರೆ ವಿದ್ಯೆಯ ಗೌರವಕ್ಕೆ ಕುಂದೆಂದು ವಿದ್ವಾಂಸರೂ ಭಾವಿಸುತ್ತಾರೆ. ಈ ಸಂಕೋಚದಿಂದ ಇದುವರೆಗೆ ಲಾಭವಾದುದು ಕೊಡುವವನಿಗೇ ಹೊರತು ಹಾಡುವವನಿಗಲ್ಲ.

ಇಂತಹ ಸಂಕೋಚವನ್ನು ಕಿಂಚಿತ್ತೂ ಇಟ್ಟುಕೊಳ್ಳದೆ ಬಾಳಿದ ಕಲಾವಿದೆ ಕಲಕತ್ತೆಯ ಗೌಹರ್ ಜಾನ್. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಪರವಾಗಿ ಫ್ರೆಡರಿಕ್ ಗೈಸ್‌ಬರ್ಗ್ ಎಂಬಾತ ಭಾರತದ ಸಂಗೀತವನ್ನು ಮುದ್ರಿಸಿಕೊಳ್ಳಲು ಕಲಕತ್ತೆಗೆ ಬಂದಾಗ ಆಕೆಗೆ ಇಪ್ಪತ್ತೊಂಬತ್ತರ ಹರೆಯ. ಆಕೆ ಕೇಳಿದ ಮೊತ್ತ ಮೂರು ಸಾವಿರ ರೂಪಾಯಿಯೆಂಬುದು ಪ್ರಸಿದ್ಧವಾದ ಮಾತು. ತನ್ನ ಬೆಲೆ ಎಷ್ಟೆಂಬುದನ್ನು ಆಕೆ ಚೆನ್ನಾಗಿ ಬಲ್ಲವಳಾಗಿದ್ದಳೆಂದೂ, ಮುದ್ರಣಕ್ಕೆ ಬಂದಾಗಲೆಲ್ಲ ಹೊಸ ಉಡುಪು, ಹೊಸ ಆಭರಣಗಳನ್ನು ತೊಟ್ಟು ಬರುತ್ತಿದ್ದಳೆಂದೂ ಗೈಸ್‌ಬರ್ಗನೇ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ಅದು ಬರಿಯ ಒಯ್ಯಾರವೆಂದು ತಿಳಿಯಬೇಕಾಗಿಲ್ಲ. ವ್ಯಾಪಾರಕ್ಕೆ ಕುಳಿತವರೆದುರು ತನ್ನ ಅಂತಸ್ತನ್ನು ತೋರಿಸುವುದೂ ವ್ಯವಹಾರದ ಒಂದು ಅಂಗವೇ.

ಆ ಮುದ್ರಣವೂ ಸುಲಭದ ಕೆಲಸವಾಗಿರಲಿಲ್ಲ. ಮೈಕ್ರೋಫೋನಿನ ಕಾಲ ಇನ್ನೂ ಬಂದಿರಲಿಲ್ಲ. ದೊಡ್ಡ ಕೊಂಬಿನ ಬಾಯಿಗೆ ಮುಖವೊಡ್ಡಿ ಎತ್ತರದ ದನಿಯಲ್ಲಿ ಹಾಡಬೇಕು. ಸುಮಾರು ಮೂರು ನಿಮಿಷದೊಳಗೆ ಹಾಡು ಮುಗಿಯಬೇಕು. ಇಡೀ ರಾತ್ರಿ ರಾಗವನ್ನು ಬೆಳೆಸಬಲ್ಲವರಿಗೆ ಮೂರು ನಿಮಿಷವೆಂದರೆ ಶ್ರುತಿ ಸೇರಿಸಿಕೊಳ್ಳುವುದಕ್ಕೂ ಸಾಲದು! ಅಷ್ಟರಲ್ಲಿಯೇ ರಾಗದ ಸಾರವನ್ನು ಹಿಂಡಿ ಕೊಡುವ ಹೊಸ ವಿದ್ಯೆಯನ್ನು ಗೌಹರ್ ಜಾನ್ ಸಾಧಿಸಿದಳು. ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಭಾಷೆಯರಿಯದ ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ಗುರುತು ಸಿಗಬೇಕಲ್ಲ!

ಅಂದಿನವರೆಗೆ ಗಾಯಕರ ಸಂಪಾದನೆ ಅವರ ದೇಹವನ್ನು ಹಿಂಬಾಲಿಸುತ್ತಿತ್ತು. ಅವರು ಹೋದಲ್ಲಿ ಹಾಡು, ಹಾಡಿದಲ್ಲಿ ಹಣ; ನೆಗಡಿಯಾದರೆ ಎರಡೂ ಇಲ್ಲ. ತಟ್ಟೆ ಬಂದಮೇಲೆ ಆಕೆ ನಿದ್ರಿಸುತ್ತಿರುವಾಗಲೂ ಆಕೆಯ ಕಂಠ ನೂರೂರುಗಳಲ್ಲಿ ದುಡಿಯತೊಡಗಿತು. ಆದರೆ ಆ ದುಡಿಮೆಯ ಯಜಮಾನರು ಯಾರು? 1914ರ ಕೃತಿಸ್ವಾಮ್ಯದ ಕಾಯಿದೆ ಈ ಹಕ್ಕನ್ನು ಮೂಲ ಅಚ್ಚಿನ ಒಡೆಯನಿಗೆ ಕೊಟ್ಟಿತು. ಕಂಠದ ಒಡತಿಯ ಮಾತೇ ಅದರಲ್ಲಿ ಇರಲಿಲ್ಲ. ಸ್ವತಂತ್ರ ಭಾರತದ 1957ರ ಕಾಯಿದೆಯಲ್ಲಿಯೂ ಹಾಡುವವರಿಗೆ, ನುಡಿಸುವವರಿಗೆ ಪ್ರತ್ಯೇಕವಾದ ಹಕ್ಕು ದೊರೆಯಲಿಲ್ಲ. ಅದು ದೊರೆತದ್ದು 1994ರ ತಿದ್ದುಪಡಿಯಲ್ಲಿ. ಮುದ್ರಿತವಾದ ಕಲೆಯನ್ನು ವ್ಯಾಪಾರಕ್ಕೆ ಬಳಸಿದಾಗ ಅವರಿಗೂ ರಾಯಧನ ಸಲ್ಲಬೇಕೆಂದು ಸ್ಪಷ್ಟವಾದದ್ದು 2012ರಲ್ಲಿ. ಮೊದಲ ತಟ್ಟೆಯಿಂದ ಲೆಕ್ಕ ಹಾಕಿದರೆ ನೂರಹತ್ತು ವರ್ಷ.

ಗಳಿಸುವುದನ್ನು ಅಷ್ಟು ಚೆನ್ನಾಗಿ ಅರಿತಿದ್ದ ಗೌಹರ್ ಜಾನಳಿಗೆ ಉಳಿಸಿಕೊಳ್ಳುವ ಭಾಗ್ಯವಿರಲಿಲ್ಲ. ಆಸ್ತಿಯ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲುಗಳನ್ನು ಹತ್ತಿ ಇಳಿಯುವುದರಲ್ಲಿ ಆಯುಸ್ಸೂ ಹಣವೂ ಸವೆದುವು. ನಂಬಿದವರೇ ಕೈಬಿಟ್ಟರು. ಕಂಠವನ್ನು ಸಾಧಿಸಲು ಉಸ್ತಾದರಿದ್ದರು. ಲೆಕ್ಕದ ಪುಸ್ತಕವನ್ನು ಓದಿಸುವ ಗುರು ಯಾವ ಘರಾನೆಯಲ್ಲಿಯೂ ಇರಲಿಲ್ಲ. ಕಡೆಗೆ 1928ರ ಆಗಸ್ಟಿನಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಆಸ್ಥಾನಕ್ಕೆ ಬರಮಾಡಿಕೊಂಡು ತಿಂಗಳಿಗೆ ಐನೂರು ರೂಪಾಯಿಗಳ ವೇತನವನ್ನು ಗೊತ್ತುಮಾಡಿದರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಅರಮನೆಯ ಔದಾರ್ಯವನ್ನು ಕಡಿಮೆಯೆನ್ನಲಾಗದು. ಆದರೂ ಕಲಕತ್ತೆಯಲ್ಲಿ ಒಮ್ಮೆ ಹಾಡಿ ಪಡೆದ ಮೂರು ಸಾವಿರ ಇಲ್ಲಿ ಆರು ತಿಂಗಳ ಸಂಬಳವಾಗಿತ್ತು. ಆ ಸಂಬಳವನ್ನಾದರೂ ಆಕೆ ಬಹುಕಾಲ ಪಡೆಯಲಿಲ್ಲ. ಹದಿನೆಂಟು ತಿಂಗಳು ತುಂಬುವ ಮುನ್ನವೇ, 1930ರ ಜನವರಿ 17ರಂದು, ಮೈಸೂರಿನಲ್ಲಿಯೇ ತೀರಿಕೊಂಡಳು.

ಆಕೆಯ ಆ ಹಳೆಯ ತಟ್ಟೆಗಳ ಹಾಡುಗಳನ್ನು ಇಂದು ಯಾರು ಬೇಕಾದರೂ ಮನೆಯಲ್ಲಿ ಕುಳಿತು, ಕಾಸು ಖರ್ಚಿಲ್ಲದೆ ಕೇಳಬಹುದು. ಕಿವಿಗೊಟ್ಟರೆ ಹಾಡಿನ ಹಿಂದೆ ಪಕ್ಕವಾದ್ಯದ ಕ್ಷೀಣವಾದ ದನಿ ಕೇಳಿಸುತ್ತದೆ. ಕೊನೆಯಲ್ಲಿ ಗಾಯಕಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಾಳೆ. ಜೊತೆಗೆ ನುಡಿಸಿದವರ ಹೆಸರನ್ನು ಅಲ್ಲಿ ಯಾರೂ ಹೇಳುವುದಿಲ್ಲ.