ಪೆಟ್ಟಿಗೆ ಬಂತು, ಹೂವೆಲ್ಲಿ?

ಸಹಾಯಧನದಲ್ಲಿ ಪಡೆದ ಜೇನುಪೆಟ್ಟಿಗೆಯನ್ನು ಹಿತ್ತಲಲ್ಲಿರಿಸಿದ ಮಲೆನಾಡಿನ ಕೃಷಿಕ, ಕೆಲವೇ ದಿನಗಳಲ್ಲಿ ಮುಚ್ಚಳ ತೆಗೆದರೆ ಒಳಗೆ ಬರಿಯ ಎರಿ. ಜೇನು ಪರಾರಿ! ನೊಣಕ್ಕೆ ನಿಷ್ಠೆಯಿಲ್ಲ ಎನ್ನುವವರು ಕೆಲವರು, ಕೃಷಿಕನ ಕೈಗುಣ ಸರಿಯಿಲ್ಲ ಎನ್ನುವವರು ಹಲವರು. ಪೆಟ್ಟಿಗೆ ಹಂಚಿದ ನೀತಿಯನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ.

ಆಹಾರ ಸಮೃದ್ಧವಾಗಿ ಸಂಖ್ಯೆ ಹೆಚ್ಚಿದಾಗ ಹಳೆಯ ರಾಣಿಯೊಡನೆ ಒಂದು ಭಾಗ ಹೊರಡುವುದು ಪಾಲಾಗುವಿಕೆ. ಅದು ವಂಶವೃದ್ಧಿಯ ಕ್ರಮ. ಇಡೀ ಕುಟುಂಬವೇ ಗೂಡು ತೊರೆಯುವುದು ಪರಾರಿ. ಅದು ಜೀವ ಉಳಿಸಿಕೊಳ್ಳುವ ಕ್ರಮ. ಯುರೋಪಿನ ಮೆಲ್ಲಿಫೆರಾ ಜೇನು ದೀರ್ಘ ಚಳಿಗಾಲಕ್ಕೆಂದು ಕೂಡಿಟ್ಟು ಗೂಡಿನಲ್ಲೇ ಕಾಯುತ್ತದೆ. ನಮ್ಮ ತುಡುವೆ ಅಷ್ಟು ಕೂಡಿಡುವುದಿಲ್ಲ. ಬರ ಬಂದರೆ ನೆಲೆ ಬದಲಿಸುತ್ತದೆ. ರಾಣಿ ಮೊಟ್ಟೆಯಿಡುವುದನ್ನು ತಗ್ಗಿಸುತ್ತದೆ, ನೊಣಗಳು ಉಳಿದ ಜೇನನ್ನು ಹೊಟ್ಟೆಗೆ ತುಂಬಿಕೊಂಡು ಹಾರುತ್ತವೆ.

ಹೊಸದಾಗಿ ಕೂರಿಸಿದ ಕುಟುಂಬದ ನೆಲೆ ಇನ್ನೂ ದುರ್ಬಲ. ಪೊಟರೆಯಿಂದ ತಂದ ನೊಣಗಳಿಗೆ ಮರಿಯಿರುವ ಎರಿಯನ್ನು ಚೌಕಟ್ಟಿಗೆ ಕಟ್ಟಿಕೊಡದಿದ್ದರೆ ಅವುಗಳಿಗೆ ಅಲ್ಲಿ ನಿಲ್ಲುವ ಹಂಗೇ ಇರದು. ವಾಸನೆ ಆರದ ಬಣ್ಣ, ನೆತ್ತಿಯ ಬಿಸಿಲು, ಇರುವೆ, ಮೇಣದ ಹುಳು, ದಿನವೂ ಮುಚ್ಚಳ ತೆರೆದು ನೋಡುವ ಕುತೂಹಲ ಇವೆಲ್ಲವೂ ಜೇನನ್ನು ಓಡಿಸುತ್ತವೆ. ನೆರಳಿನ ಜಾಗ, ಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲು, ಸಂಜೆಗೆ ಸಕ್ಕರೆ ಪಾಕ, ರಾಣಿ ಹೊರಬರದಂತೆ ಬಾಗಿಲಿಗೆ ತಡೆ: ಬಲ್ಲವರು ಇಷ್ಟನ್ನು ಮಾಡುತ್ತಾರೆ. ಆದರೆ ರಾಣಿಯನ್ನು ತಡೆದರೆ ಹಸಿವು ತಡೆಯುವುದೇ?

ಮತ್ತಿ, ಹೊನ್ನೆ, ನೇರಳೆ, ಅಂಟುವಾಳಗಳು ಸರದಿಯಲ್ಲಿ ಹೂವಾಗುವ ಮಿಶ್ರ ಕಾಡೇ ತುಡುವೆಯ ಕಣಜ. ಅದನ್ನು ಕಡಿದ ಗುಡ್ಡಗಳಲ್ಲಿ ಅಕೇಶಿಯಾ ನೆಡುತೋಪುಗಳೆದ್ದವು. ರಬ್ಬರ್ ತೋಟ ವರ್ಷದಲ್ಲಿ ಕೆಲವು ವಾರ ಎಳೆ ಎಲೆಗಳಲ್ಲಿ ಸಿಹಿರಸ ಒಸರಿಸಿ ಬಳಿಕ ಕೈಚೆಲ್ಲುತ್ತದೆ. ಮಳೆಗಾಲದಲ್ಲಿ ಪರಾಗ ನೀಡುವ ನಾಚಿಕೆಮುಳ್ಳನ್ನೂ ಕಳೆನಾಶಕ ಸುಟ್ಟುಹಾಕುತ್ತದೆ. ಜೇನಿಗೆ ಬೇಕಾದುದು ಎರಡು ದಿನದ ಹಬ್ಬದೂಟವಲ್ಲ, ವರ್ಷವಿಡೀ ಗಂಜಿ.

ಆದರೂ ‘ಸಿಹಿ ಕ್ರಾಂತಿ’ಯ ಘೋಷಣೆ ಮೊಳಗುತ್ತಿದೆ. 2020ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜೇನುಸಾಕಣೆ ಮತ್ತು ಜೇನು ಮಿಷನ್ನಿಗೆ 500 ಕೋಟಿ ರೂಪಾಯಿ ಘೋಷಿಸಿತು. ಹಣ ಬೇಡವೆಂದಲ್ಲ. ಆದರೆ ಯಶಸ್ಸಿನ ಅಳತೆಗೋಲು ಹಂಚಿದ ಪೆಟ್ಟಿಗೆಗಳ ಸಂಖ್ಯೆಯಾದರೆ, ಬರಿದಾದ ಪ್ರತಿ ಪೆಟ್ಟಿಗೆಯನ್ನು ತುಂಬಲು ಕಾಡಿನ ಇನ್ನೊಂದು ಪೊಟರೆಗೆ ಕೈ ಹಾಕಬೇಕಾಗುತ್ತದೆ. ಇದು ಸಾಕಣೆಯ ಹೆಸರಿನ ಸುಲಿಗೆ. 1991-92ರಲ್ಲಿ ದಕ್ಷಿಣ ಭಾರತಕ್ಕೆರಗಿದ ಥಾಯ್ ಸ್ಯಾಕ್‌ಬ್ರೂಡ್ ರೋಗ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನುಂಗಿತು. ಅಳಿದುಳಿದವುಗಳಿಂದಲೇ ಸಂತತಿ ಮತ್ತೆ ಚೇತರಿಸಿತು. ಆ ಬೀಜಧನವನ್ನೂ ಬರಿದು ಮಾಡಿದರೆ ನಾಳೆ ಏಲಕ್ಕಿ ಹೂವಿಗೆ ಪರಾಗಸ್ಪರ್ಶ ಮಾಡುವವರು ಯಾರು?

ಆದುದರಿಂದ ಪ್ರತಿ ಗ್ರಾಮಸಭೆಯೂ ಮೂರು ಬೇಡಿಕೆಗಳನ್ನು ಮಂಡಿಸಬೇಕು. ಪೆಟ್ಟಿಗೆ ಕೊಡುವ ಮುನ್ನ ಊರಿನ ಹನ್ನೆರಡು ತಿಂಗಳ ಹೂವಿನ ಲೆಕ್ಕವಾಗಲಿ. ಅಕೇಶಿಯಾ ಕಟಾವಾದ ನೆಲಕ್ಕೆ ಸ್ಥಳೀಯ ಜಾತಿಯ ಮರಗಳು ಮರಳಲಿ. ಸಾಧನೆಯ ವರದಿಯಲ್ಲಿ ಹಂಚಿದ ಪೆಟ್ಟಿಗೆಗಳ ಬದಲು, ಒಂದು ವರ್ಷದ ಬಳಿಕ ಜೇನಿರುವ ಪೆಟ್ಟಿಗೆಗಳ ಸಂಖ್ಯೆ ದಾಖಲಾಗಲಿ. ಅಲ್ಲಿಯವರೆಗೆ ಜೇನನ್ನು ಪರಾರಿಯೆಂದು ದೂರುವ ನೈತಿಕ ಹಕ್ಕು ಯಾರಿಗೂ ಇಲ್ಲ.