ಹಾಡು ನಕಲು ಮಾಡಿದವನೂ ಗೂಂಡಾನೇ?

ಗೂಂಡಾ ಎಂದರೆ ಯಾರು ಎಂದು ಚಾಮರಾಜಪೇಟೆಯ ಯಾವ ಅಂಗಡಿಯವನನ್ನು ಕೇಳಿದರೂ ಉತ್ತರ ಸಿಗುತ್ತದೆ. ಮಾಮೂಲು ಕೊಡದಿದ್ದರೆ ಗಾಜು ಒಡೆಯುವವನು. ಕೂಲಿ ಕೇಳಿದವರ ಮೇಲೆ ಕೈಮಾಡುವವನು. ಬಡವರ ಗುಡಿಸಲು ಕಿತ್ತು ಜಾಗ ನುಂಗುವವನು. ಆದರೆ ನಮ್ಮ ರಾಜ್ಯದ ಶಾಸನವನ್ನು ಕೇಳಿದರೆ ಈ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಪುಸ್ತಕ, ಹಾಡು, ಚಲನಚಿತ್ರ, ಸಾಫ್ಟ್‌ವೇರ್ ಇವುಗಳ ಕೃತಿಸ್ವಾಮ್ಯವನ್ನು ವ್ಯಾಪಾರಕ್ಕಾಗಿ ಬೇಕೆಂದೇ ಮೀರಿದವನೂ ಅದೇ ಸಾಲಿನಲ್ಲಿ ನಿಲ್ಲಬೇಕು.

೧೯೮೫ರ ಗೂಂಡಾ ಕಾಯ್ದೆ ಹುಟ್ಟಿದ್ದು ಕಳ್ಳಭಟ್ಟಿ, ಮಾದಕ ವಸ್ತು, ಜೂಜು, ಗೂಂಡಾಗಿರಿ, ಕೊಳೆಗೇರಿ ಕಬಳಿಕೆ ಇವುಗಳನ್ನು ತಡೆಯುವುದಕ್ಕೆಂದು. ೨೦೧೪ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಅದಕ್ಕೆ ತಿದ್ದುಪಡಿ ತಂದು, ಆಸಿಡ್ ಎರಚುವವರ ಪಕ್ಕದಲ್ಲಿಯೇ ‘ಡಿಜಿಟಲ್ ಅಪರಾಧಿ’ ಎಂಬ ಹೊಸ ವರ್ಗವನ್ನು ಕೂರಿಸಿತು. ಕೃತಿಸ್ವಾಮ್ಯವಷ್ಟೇ ಅಲ್ಲ, ಇಂಟರ್‌ನೆಟ್ಟಿಗೆ ಸಂಬಂಧಿಸಿದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಹಲವು ಕಲಮುಗಳೂ ಅದರೊಳಗೆ ಬಂದವು. ಆಮೇಲೆ ಗದ್ದುಗೆ ಏರಿದ ಯಾವ ಪಕ್ಷವೂ ಅದನ್ನು ಕೈಬಿಡಲಿಲ್ಲ.

ಈ ಕಾಯ್ದೆಯ ಸ್ವಭಾವವನ್ನು ನಾವು ತಿಳಿಯಬೇಕು. ತಪ್ಪು ರುಜುವಾತಾದ ಮೇಲೆ ಶಿಕ್ಷೆ ಕೊಡುವ ಕಾಯ್ದೆಯಲ್ಲ ಇದು. ಮುಂದೆ ತಪ್ಪು ಮಾಡಿಯಾನೆಂದು ಮೊದಲೇ ಕೂಡಿಹಾಕುವ ಕಾಯ್ದೆ. ಪೊಲೀಸ್ ಕಮಿಷನರರೋ ಜಿಲ್ಲಾ ಮ್ಯಾಜಿಸ್ಟ್ರೇಟರೋ ಆಜ್ಞೆ ಹೊರಡಿಸಿದರೆ ೧೨ ದಿನದೊಳಗೆ ಸರ್ಕಾರ ಒಪ್ಪಬೇಕು; ಅನಂತರ ಸಲಹಾ ಮಂಡಳಿ ನೋಡಬೇಕು. ಆ ಮಂಡಳಿಯ ಮುಂದೆ ವಕೀಲರನ್ನು ನಿಲ್ಲಿಸಿಕೊಳ್ಳುವ ಹಕ್ಕು ಬಂಧಿತನಿಗಿಲ್ಲ. ಮಂಡಳಿ ಹೂಂ ಎಂದರೆ ಒಂದು ವರ್ಷದವರೆಗೆ ಸೆರೆಮನೆ.

ಕದ್ದ ಮಾಲು ಮಾರುವವರ ವಕಾಲತ್ತು ನಾವು ವಹಿಸುತ್ತಿಲ್ಲ. ಹಾಡು ಬರೆದವನಿಗೆ, ರಾಗ ಕಟ್ಟಿದವನಿಗೆ ಸಲ್ಲುವ ಹಣ ಅವನ ಕೂಲಿ. ಗಿರಣಿಯಲ್ಲಿ ದುಡಿದವನ ಕೂಲಿ ಎಷ್ಟು ನ್ಯಾಯವೋ ಇದೂ ಅಷ್ಟೇ ನ್ಯಾಯ. ಅದನ್ನು ಕಾಯಲು ೧೯೫೭ರ ಕೃತಿಸ್ವಾಮ್ಯ ಕಾಯ್ದೆ ಇದೆ. ಸಬ್‌ಇನ್ಸ್‌ಪೆಕ್ಟರರು ವಾರಂಟು ಇಲ್ಲದೆಯೇ ನಕಲಿ ಪ್ರತಿಗಳನ್ನು ಹಿಡಿಯಬಹುದು. ತಪ್ಪು ರುಜುವಾತಾದರೆ ಆರು ತಿಂಗಳಿಂದ ಮೂರು ವರ್ಷ ಸಜೆ, ೫೦ ಸಾವಿರದಿಂದ ೨ ಲಕ್ಷ ರೂಪಾಯಿ ದಂಡ. ಇದು ಸಾಲದೆಂದೇ ಗೂಂಡಾ ಕಾಯ್ದೆ? ಸಾಕ್ಷಿ ನುಡಿದು, ವಾದ ಮುಗಿದು, ಅಪರಾಧಿಯೆಂದು ತೀರ್ಪಾದವನು ಆರು ತಿಂಗಳಲ್ಲಿ ಹೊರಗೆ ಬರಬಹುದು. ವಿಚಾರಣೆಯನ್ನೇ ಕಾಣದವನು ಹನ್ನೆರಡು ತಿಂಗಳು ಒಳಗೇ ಇರಬಹುದು. ಇದು ಯಾವ ಊರಿನ ತಕ್ಕಡಿ?

ಯಾವುದು ಕಳ್ಳನಕಲು, ಯಾವುದು ಅಲ್ಲ ಎಂಬುದಾದರೂ ಸುಲಭವೇ? ದೆಹಲಿ ವಿಶ್ವವಿದ್ಯಾಲಯದ ಬಳಿ ವಿದ್ಯಾರ್ಥಿಗಳಿಗೆ ಪಾಠದ ಪುಟಗಳನ್ನು ಜೆರಾಕ್ಸ್ ಮಾಡಿಕೊಟ್ಟ ಅಂಗಡಿಯ ಮೇಲೆ ದೊಡ್ಡ ದೊಡ್ಡ ಪ್ರಕಾಶಕರು ೨೦೧೨ರಲ್ಲಿ ದಾವೆ ಹೂಡಿದರು. ೨೦೧೬ರಲ್ಲಿ ಹೈಕೋರ್ಟು ಆ ದಾವೆಯನ್ನು ವಜಾ ಮಾಡಿತು. ನಾಲ್ಕು ವರ್ಷ ನ್ಯಾಯಾಲಯ ತೂಗಿ ನೋಡಿದ ಇಂಥ ಪ್ರಶ್ನೆಯನ್ನು ಒಂದು ಮಧ್ಯಾಹ್ನ ಪೊಲೀಸರ ಕಡತ ತೀರ್ಮಾನಿಸಬೇಕೆ?

ಪ್ರಾಮಾಣಿಕರಿಗೆ ಏತರ ಭಯ, ಕುಂಬಳಕಾಯಿ ಕಳ್ಳ ಎಂದರೆ ಹೆಗಲೇಕೆ ಮುಟ್ಟಿಕೊಳ್ಳುತ್ತೀರಿ ಎಂದು ಕೇಳುವವರಿದ್ದಾರೆ. ಅವರಿಗೆ ಬೆಂಗಳೂರಿನ ಸೆರೆಮನೆಯನ್ನೇ ನೆನಪಿಸುತ್ತೇವೆ. ಆಂತರಿಕ ಭದ್ರತೆಯ ಹೆಸರಿನಲ್ಲಿ ಮೀಸಾ ಕಾಯ್ದೆ ಬಂದದ್ದು ೧೯೭೧ರಲ್ಲಿ. ‘ಸಂಸ್ಕಾರ’ ಚಿತ್ರದ ನಟಿ, ಸಮಾಜವಾದಿ ಬಳಗದ ಸ್ನೇಹಲತಾ ರೆಡ್ಡಿಯವರನ್ನು ೧೯೭೬ರಲ್ಲಿ ಹಿಡಿದು, ಅದೇ ಕಾಯ್ದೆಯಡಿ ವಿಚಾರಣೆಯಿಲ್ಲದೆ ಇಲ್ಲಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಉಬ್ಬಸದಿಂದ ನರಳಿದ ಆಕೆ ೧೯೭೭ರ ಜನವರಿಯಲ್ಲಿ ಹೊರಬಂದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಂಥ ಅಸ್ತ್ರವನ್ನು ಮಾಡಿಟ್ಟವನೊಬ್ಬ, ಅದನ್ನು ಎತ್ತುವವನು ಇನ್ನೊಬ್ಬ.

ಇಂಟರ್‌ನೆಟ್ಟಿನ ಕಾನೂನುಗಳಲ್ಲಿಯೂ ಜನ ಕಂಡದ್ದು ಇದೇ. ಆಕ್ಷೇಪಕರ ಸಂದೇಶಕ್ಕೆ ಜೈಲು ಎನ್ನುತ್ತಿದ್ದ ೬೬ಎ ಕಲಮನ್ನು ಸುಪ್ರೀಂ ಕೋರ್ಟು ೨೦೧೫ರ ಮಾರ್ಚ್ ೨೪ರಂದು ರದ್ದು ಮಾಡಿತು. ಆದರೂ ಸತ್ತ ಕಲಮಿನ ಮೇಲೆ ಪೊಲೀಸರು ಮೊಕದ್ದಮೆ ಹಾಕುತ್ತಲೇ ಇದ್ದರೆಂದು ೨೦೨೧ರಲ್ಲಿ ಅದೇ ನ್ಯಾಯಾಲಯ ಬೆರಗುಪಡಬೇಕಾಯಿತು. ಇಂಟರ್‌ನೆಟ್ಟಿನಲ್ಲಿ ಒಂದು ಬರಹವನ್ನು ತಡೆದರೆ, ಯಾರ ದೂರಿನ ಮೇಲೆ ತಡೆದರೆಂಬುದನ್ನು ಗುಟ್ಟಾಗಿಡಬೇಕೆಂದು ೨೦೦೯ರ ನಿಯಮವೇ ಹೇಳುತ್ತದೆ. ಇಂಥ ತಡೆಯಾಜ್ಞೆಗಳನ್ನು ಪ್ರಶ್ನಿಸಿದ ಟ್ವಿಟರ್ ಕಂಪನಿಗೆ ನಮ್ಮ ಹೈಕೋರ್ಟು ೨೦೨೩ರ ಜೂನ್ ೩೦ರಂದು ೫೦ ಲಕ್ಷ ರೂಪಾಯಿ ಕಟ್ಟಲು ಹೇಳಿತು. ಕಂಪನಿಗೆ ಹಣವಿದೆ, ಮೇಲ್ಮನವಿಗೆ ಹೋಯಿತು. ನಮ್ಮ ಮೊಬೈಲು ಅಂಗಡಿಯವನು ಎಲ್ಲಿಗೆ ಹೋಗಬೇಕು?

ಜನ ಸರ್ಕಾರವನ್ನು ನಂಬುವುದಿಲ್ಲವೆಂದು ಅಧಿಕಾರಾರೂಢರು ಕೊರಗುತ್ತಾರೆ. ಈ ಅಪನಂಬಿಕೆ ಅಜ್ಞಾನದಿಂದ ಬಂದದ್ದಲ್ಲ, ಅನುಭವದಿಂದ ಬಂದದ್ದು. ಹಾಡು ಬರೆದವರಿಗೆ, ರಾಗ ಕಟ್ಟಿದವರಿಗೆ ರಾಯಧನದ ಪಾಲು ತಪ್ಪಬಾರದೆಂದು ೨೦೧೨ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ಆ ಪಾಲನ್ನು ನುಂಗುವ ಕಂಪನಿಯ ಧಣಿಯ ಮನೆಗೆ ಪೊಲೀಸರು ಗೂಂಡಾ ಆಜ್ಞೆ ಹಿಡಿದು ಹೋದಾರೆಯೇ? ವಾಚಕರೇ ಉತ್ತರ ಹೇಳಲಿ.

ನಮ್ಮ ಒತ್ತಾಯ ಮೂರು. ಕೃತಿಸ್ವಾಮ್ಯದ ಮಾತನ್ನು ಗೂಂಡಾ ಕಾಯ್ದೆಯಿಂದ ತೆಗೆಯಬೇಕು. ನಕಲಿ ಮಾಲಿನ ವ್ಯಾಪಾರಿಯನ್ನು ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಿ ಶಿಕ್ಷಿಸಲಿ. ಬರಹ ತಡೆಯುವ ಪ್ರತಿಯೊಂದು ಆಜ್ಞೆಯನ್ನೂ ಕಾರಣ ಸಹಿತ ಪ್ರಕಟಿಸಬೇಕು. ಬರೆದವನ ಮಾತನ್ನು ಕೇಳದೆ ಅವನ ಬಾಯಿ ಕಟ್ಟಬಾರದು.

ಅಂಗಡಿಯ ಬಂಧುಗಳಿಗೆ ಒಂದು ಕಿವಿಮಾತು. ಕೃತಿಸ್ವಾಮ್ಯದ ಹೆಸರಿನಲ್ಲಿ ಮಾಲು ಹಿಡಿದರೆ ಬೆದರಿ ಕೈಗೆ ಕಾಸು ತುರುಕಬೇಡಿ. ಪಂಚನಾಮೆಯ ಪ್ರತಿ ಕೇಳಿ. ಮಾಲನ್ನು ಮ್ಯಾಜಿಸ್ಟ್ರೇಟರ ಮುಂದೆ ತರಲೇಬೇಕು. ಅದು ಮರಳಬೇಕೆಂದು ೧೫ ದಿನದೊಳಗೆ ಅರ್ಜಿ ಕೊಡುವ ಹಕ್ಕು ನಿಮಗಿದೆ. ಇನ್ನು, ಓಟು ಕೇಳಲು ಬರುವ ಶಾಸಕರು ಯಾವ ಪಕ್ಷದವರೇ ಆಗಲಿ, ಈ ಒಂದು ಪ್ರಶ್ನೆಯನ್ನು ಅವರ ಮುಂದಿಡಿ: ಹಾಡು ನಕಲು ಮಾಡಿದವನನ್ನೂ ಆಸಿಡ್ ಎರಚಿದವನನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಶಾಸನಕ್ಕೆ ನೀವು ಕೈ ಎತ್ತುವಿರೋ, ಇಳಿಸುವಿರೋ?