ಯೋಚಿಸಲು ಸಮಯವಿಲ್ಲದಾಗ

ಸಾಂಬ್ರಾದ ಆಸುಪಾಸಿನಲ್ಲಿ ವಾಸಿಸುವ ಸಹೋದರಿಯರಿಗೆ ತರಬೇತಿ ವಿಮಾನಗಳ ಸದ್ದು ಹೊಸದಲ್ಲ. 2023ರ ಮೇ 30ರಂದು ಅಂತಹ ಒಂದು ಪುಟ್ಟ ವಿಮಾನ ತಾಂತ್ರಿಕ ದೋಷದಿಂದಾಗಿ ಬೆಳಗಾವಿ ಸಮೀಪದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. "ಅಷ್ಟು ಬೇಗ ಅವರಿಗೆ ಹೇಗೆ ಹೊಳೆಯುತ್ತದೆ?" ಎಂದು ಖಾನಾಪುರದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

ಹೊಳೆಯುವುದಲ್ಲ, ಮೊದಲೇ ರೂಢಿಯಾಗಿರುತ್ತದೆ. ಹಾರುವಾಗ ಎಂಜಿನ್ ನಿಂತರೆ ವಿಮಾನದ ಮೂತಿಯನ್ನು ಮೇಲಕ್ಕೆತ್ತಬೇಕೆಂದು ಯಾರಿಗಾದರೂ ಅನಿಸುತ್ತದೆ. ಬೀಳುವ ಭಯ ಯಾರಿಗಿಲ್ಲ? ಆದರೆ ಹಾಗೆ ಎತ್ತಿದರೆ ವೇಗ ತಗ್ಗಿ, ರೆಕ್ಕೆಗಳು ಗಾಳಿಯ ಆಸರೆ ಕಳೆದುಕೊಂಡು ವಿಮಾನ ನಿಜಕ್ಕೂ ಬೀಳುತ್ತದೆ. ಆದ್ದರಿಂದ ಮೂತಿಯನ್ನು ತಗ್ಗಿಸಿ ತೇಲುವ ವೇಗ ಉಳಿಸಿಕೊಳ್ಳುವುದನ್ನು ಕೈಗೆ ಪಳಗುವವರೆಗೂ ಮಾಡಿಸುತ್ತಾರೆ. ಮೊದಲು ವಿಮಾನದ ಹಿಡಿತ, ಆಮೇಲೆ ಇಳಿಯುವ ಜಾಗ, ರೇಡಿಯೋ ಮಾತು ಕೊನೆಗೆ. ಗ್ಯಾಸ್ ವಾಸನೆ ಬಂದೊಡನೆ ಲೈಟಿನ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ತೆರೆಯುವ ಗೃಹಿಣಿಯನ್ನು ನೋಡಿದ್ದೀರಲ್ಲ, ಅವಳೂ ಆಗ ಕುಳಿತು ಯೋಚಿಸುವುದಿಲ್ಲ.

ಆದರೆ ಕೈ ಪಳಗಿದರಷ್ಟೇ ಸಾಲದು. ಕರಾವಳಿಯ ಎಷ್ಟೋ ಮನೆಗಳಲ್ಲಿ 2010ರ ಮೇ 22ರ ನೋವು ಇನ್ನೂ ಮಾಸಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ, 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. ಕ್ಯಾಪ್ಟನ್ ಅನುಭವಿಯೇ. ಆದರೆ ಪ್ರಯಾಣದಲ್ಲಿ ದೀರ್ಘ ಹೊತ್ತು ನಿದ್ರಿಸಿದ್ದ ಅವರ ತೀರ್ಮಾನಶಕ್ತಿಯನ್ನು ಆ ನಿದ್ದೆಯ ಜಡ ಕುಗ್ಗಿಸಿರಬೇಕೆಂದು ತನಿಖಾ ವರದಿ ಹೇಳಿತು. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಅಂತಹ ಹೊತ್ತಿನಲ್ಲಿ ಇಳಿಯುವುದನ್ನು ಕೈಬಿಟ್ಟು, ಮೇಲೇರಿ ಇನ್ನೊಂದು ಸುತ್ತು ಬರಬೇಕು. ಸಹಪೈಲಟ್ ಮೂರು ಬಾರಿ ಅದನ್ನೇ ಹೇಳಿದರು. ಎಚ್ಚರಿಕೆಯ ಯಂತ್ರವೂ ಕೂಗಿತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ನೆಲ ಮುಟ್ಟಿ ವೇಗ ತಗ್ಗಿಸತೊಡಗಿದ ಮೇಲೆ ಮನಸ್ಸು ಬದಲಿಸಿ ಮತ್ತೆ ಹಾರಲು ಹೋದರು. ಆಗಲೇ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದಿದ್ದರೆ ವಿಮಾನ ನಿಲ್ಲಬಹುದಿತ್ತು.

ಓದುಗರೇ, ನನ್ನನ್ನು ಹೆಚ್ಚು ಕಾಡುವುದು ಆ ಸಹಪೈಲಟ್. ಅವರ ಮುಂದೆಯೂ ವಿಮಾನದ ಹಿಡಿಕೆ ಇತ್ತು. ಆದರೆ ಹಿರಿಯರ ಕೈಯಿಂದ ಅದನ್ನು ಯಾವಾಗ ತೆಗೆದುಕೊಳ್ಳಬಹುದೆಂಬ ಬಗ್ಗೆ ಸೂಚನೆಗಳೇ ಗೊಂದಲಮಯವಾಗಿದ್ದವೆಂದು ವರದಿ ಬರೆದಿದೆ. ತಪ್ಪು ಕಂಡಾಗ ಹಿರಿಯರಿಗೆ ಸ್ಪಷ್ಟವಾಗಿ ಹೇಳುವುದು ಹೇಗೆ, ಕಿರಿಯರ ಮಾತಿಗೆ ಹಿರಿಯರು ಕಿವಿಗೊಡುವುದು ಹೇಗೆ ಎಂಬುದೂ ಪೈಲಟ್‌ಗಳ ತರಬೇತಿಯಲ್ಲಿದೆ. ಮೂತಿ ತಗ್ಗಿಸುವುದಕ್ಕಿಂತ ಇದನ್ನು ಕಲಿಯುವುದೇ ಕಷ್ಟವಿರಬೇಕು.